ಅಲಾಂಜೊ ಚರ್ಚ್: ಹೆಸರಿಲ್ಲದ ಫಲನದ ಜನಕ

ಹೆಸರಿಡದೆ ಒಂದು ವಸ್ತುವನ್ನು ಕುರಿತು ಖಚಿತವಾಗಿ ಮಾತನಾಡಲು ಸಾಧ್ಯವೆ? ನಮ್ಮ ವೈಯಾಕರಣರು ನಾಮಗಳನ್ನು ರೂಢ, ಅಂಕಿತ, ಅನ್ವರ್ಥಗಳೆಂದು ವಿಂಗಡಿಸಿದರು. ಹೆಸರೇ ಇಲ್ಲದುದಕ್ಕೂ ಶಾಸ್ತ್ರಶುದ್ಧವಾದ ಬರವಣಿಗೆಯುಂಟೆಂದು ತೋರಿಸಿದವರು ಅಮೆರಿಕದ ತರ್ಕಶಾಸ್ತ್ರಜ್ಞ ಅಲಾಂಜೊ ಚರ್ಚ್.

ಅವರು 1903ರ ಜೂನ್ 14ರಂದು ವಾಷಿಂಗ್ಟನ್ ನಗರದಲ್ಲಿ ಜನಿಸಿದರು. ತಂದೆ ನ್ಯಾಯಾಧೀಶರು. ಎಳೆಯ ವಯಸ್ಸಿನಲ್ಲಿಯೇ ಏರ್‌ಗನ್ ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಹೋಯಿತು. 1924ರಲ್ಲಿ ಕಾಣದ ಆ ಬದಿಯಿಂದ ಬಂದ ಟ್ರಾಮು ಬಡಿದು ಆಸ್ಪತ್ರೆ ಸೇರಿದರು. ಅಲ್ಲಿ ನರ್ಸ್ ಶಿಕ್ಷಣ ಪಡೆಯುತ್ತಿದ್ದ ಮೇರಿಯವರು ಮರುವರ್ಷ ಅವರ ಕೈಹಿಡಿದರು. 1927ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ವೆಬ್ಲೆನ್ ಅವರ ಶಿಷ್ಯರಾಗಿ ಡಾಕ್ಟರೇಟ್ ಪಡೆದು, 1929ರಲ್ಲಿ ಅಲ್ಲಿಯೇ ಅಧ್ಯಾಪಕರಾದರು.

ಒಂದು ಸಂಖ್ಯೆಯನ್ನು ಕೊಟ್ಟರೆ ನಿಯಮದಂತೆ ಇನ್ನೊಂದನ್ನು ಮರಳಿಸುವುದು ಫಲನ. ಗಣಿತಜ್ಞರು ಅದಕ್ಕೆ ಹೆಸರಿಟ್ಟೇ ಕರೆಯುತ್ತಿದ್ದರು. ಚರ್ಚರಾದರೋ ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರವನ್ನು ಬರೆದು, ಬರಲಿರುವ ಸಂಖ್ಯೆಗೊಂದು ಗುರುತನ್ನಿಟ್ಟು, ಮಾಡಬೇಕಾದ ಕ್ರಿಯೆಯನ್ನು ಮುಂದೆ ಬರೆದರು. ಅಷ್ಟಕ್ಕೇ ಫಲನ ಸಿದ್ಧ; ಹೆಸರು ಬೇಕಿಲ್ಲ. ಇದರ ಮೇಲೆ ಸಮಸ್ತ ತರ್ಕಶಾಸ್ತ್ರದ ಸೌಧವನ್ನೇ ಕಟ್ಟಬೇಕೆಂಬುದು 1932ರಲ್ಲಿ ಅವರ ಹಂಬಲ. 1935ರಲ್ಲಿ ಆ ಸೌಧ ಕುಸಿಯಿತು. ಅದರಲ್ಲಿ ವಿರೋಧಾಭಾಸವಿದೆಯೆಂದು ಸಾಧಿಸಿದವರು ಅವರ ಶಿಷ್ಯರೇ ಆದ ಕ್ಲೀನಿ ಮತ್ತು ರಾಸರ್.

ಗುರುಗಳು ಎದೆಗುಂದಲಿಲ್ಲ. ಅವಶೇಷಗಳಲ್ಲಿ ಗಟ್ಟಿಯಾಗಿದ್ದ ಒಂದು ಭಾಗವನ್ನು ಉಳಿಸಿಕೊಂಡರು. ಅದೇ ಲ್ಯಾಂಬ್ಡಾ ಕಲನ. ಅದರಿಂದಲೇ 1936ರಲ್ಲಿ, ಯಾವ ಯಾಂತ್ರಿಕ ಕ್ರಮದಿಂದಲೂ ಬಿಡಿಸಲಾಗದ ಪ್ರಶ್ನೆಗಳು ಗಣಿತದಲ್ಲಿವೆಯೆಂದು ಸಿದ್ಧಪಡಿಸಿದರು. ಅದೇ ವರ್ಷ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದ್ದ ಇಂಗ್ಲೆಂಡಿನ ತರುಣ ಅಲನ್ ಟ್ಯೂರಿಂಗ್ ಅವರ ಬಳಿಗೆ ಬಂದು, 1938ರಲ್ಲಿ ಡಾಕ್ಟರೇಟ್ ಪಡೆದರು.

ಗಣಕಯಂತ್ರಗಳ ಕಾಲ ಬಂದಾಗ ಈ ಬರವಣಿಗೆಗೆ ಹೊಸ ಬಾಳು ದೊರೆಯಿತು. 1958ರಲ್ಲಿ ಲಿಸ್ಪ್ ಭಾಷೆಯನ್ನು ರೂಪಿಸಲು ತೊಡಗಿದ ಜಾನ್ ಮೆಕಾರ್ತಿಯವರು ಚರ್ಚರ ಲ್ಯಾಂಬ್ಡಾವನ್ನು ಎರವಲು ಪಡೆದರು. ಆಲ್ಗಾಲ್ 60 ಎಂಬ ಭಾಷೆ ಇನ್ನೊಂದನ್ನು ಕೊಟ್ಟಿತು: ಆದಿ, ಅಂತ್ಯಗಳ ಬೇಲಿ ಹಾಕಿದ ಬ್ಲಾಕ್. ಒಳಗೆ ಹುಟ್ಟಿದ ಹೆಸರಿಗೆ ಬೇಲಿಯ ಆಚೆ ಮಾನ್ಯತೆಯಿಲ್ಲ. ಇವೆರಡನ್ನೂ ಒಂದೇ ಭಾಷೆಯಲ್ಲಿ ತರಹೊರಟವರಿಗೆ ಕಠಿಣವಾದ ಪ್ರಶ್ನೆಯೆದುರಾಯಿತು. ಬ್ಲಾಕಿನೊಳಗೆ ಹುಟ್ಟಿದ ಅನಾಮಿಕ ಫಲನವು ಬೇಲಿ ದಾಟಿ ಹೊರಟರೆ, ಅದು ಬಳಸುವ ಒಳಗಿನ ಹೆಸರುಗಳ ಗತಿಯೇನು? ಮೊದಮೊದಲ ಲಿಸ್ಪ್‌ನಲ್ಲಿ ಫಲನವು ತವರನ್ನು ಮರೆತು, ತನ್ನನ್ನು ಕರೆದ ಜಾಗದಲ್ಲಿನ ಅರ್ಥವನ್ನೇ ಹಿಡಿಯುತ್ತಿತ್ತು. ಒಂದೇ ಬರಹ ಕಡೆಗೊಂದು ಬಗೆಯ ಫಲ ಕೊಡುತ್ತಿತ್ತು. 1975ರಲ್ಲಿ ಸ್ಟೀಲ್ ಮತ್ತು ಸಸ್‌ಮನ್ ಸ್ಕೀಮ್ ಭಾಷೆಯಲ್ಲಿ, ಫಲನವು ತವರಿನ ಹೆಸರುಗಳನ್ನು ಬುತ್ತಿಯಂತೆ ಕಟ್ಟಿಕೊಂಡೇ ಹೊರಡುವಂತೆ ಮಾಡಿದರು. ಚರ್ಚರ ಕಲನದ ಆಶಯಕ್ಕೆ ಒಪ್ಪುವ ಉತ್ತರವದು. ಜಾವಾ ಭಾಷೆಗೆ ಲ್ಯಾಂಬ್ಡಾ ಬಂದುದು 2014ರಲ್ಲಿ.

ಪಾಠ ಹೇಳುವ ಮುನ್ನ ಕರಿಹಲಗೆಯನ್ನು ಕಲೆಯಿಲ್ಲದಂತೆ ಒರೆಸುವುದು ಚರ್ಚರ ವಾಡಿಕೆಯೆಂದು ಶಿಷ್ಯರು ನೆನೆದಿದ್ದಾರೆ. ಗುರುತಿನ ಶುದ್ಧಿಯೇ ಅರ್ಥದ ಶುದ್ಧಿಯೆಂಬ ನಿಷ್ಠೆ ಅದು. 1967ರಲ್ಲಿ ಪ್ರಿನ್ಸ್‌ಟನ್ ಬಿಟ್ಟು ಲಾಸ್ ಏಂಜಲೀಸಿಗೆ ತೆರಳಿ, 1990ರವರೆಗೂ ಬೋಧಿಸಿದರು. 1995ರ ಆಗಸ್ಟ್ 11ರಂದು ತೀರಿಕೊಂಡರು. ಪ್ರಿನ್ಸ್‌ಟನ್ನಿನ ಮಣ್ಣಿನಲ್ಲಿಯೇ ವಿಶ್ರಮಿಸಿದ್ದಾರೆ. ಅವರು ಕಟ್ಟಬಯಸಿದ ಸೌಧ ಏಳಲಿಲ್ಲ; ಅದರಿಂದ ಉಳಿದ ಒಂದು ತೊಲೆಯ ಮೇಲೆ ಅನ್ಯರು ಎಷ್ಟೋ ಮನೆಗಳನ್ನು ಕಟ್ಟಿಕೊಂಡಿದ್ದಾರೆ.