ನವಕೋಟಿ ನಾರಾಯಣ ದಾಸನಾದ ಬಗೆ

ನಾವು ನೆಲೆಸಿರುವ ಅಲ್ ವಕ್ರಾ ತೈಲದ ಸಿರಿ ಬರುವ ಮುನ್ನ ಮೀನುಗಾರರ ಮತ್ತು ಮುತ್ತು ತೆಗೆಯುವವರ ಊರಾಗಿತ್ತು. ಈ ಕೊಲ್ಲಿಯ ಮುತ್ತುಗಳು ಶತಮಾನಗಳ ಕಾಲ ಭಾರತದ ಪೇಟೆಗಳಿಗೆ ಹೋಗುತ್ತಿದ್ದವು. ಹೋರ್ಮುಜ್‌ನಲ್ಲಿ ಹಡಗೇರಿದ ಕುದುರೆಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಳಿದು ವಿಜಯನಗರವನ್ನು ಸೇರುತ್ತಿದ್ದವು. ಆ ವಿಜಯನಗರದ ವೈಭವದ ದಿನಗಳಲ್ಲಿ ಅಪಾರ ಧನವನ್ನು ಗಳಿಸಿ, ಅದನ್ನೆಲ್ಲ ತೊರೆದು ಹರಿದಾಸರಾದ ಮಹನೀಯರೇ ಶ್ರೀ ಪುರಂದರದಾಸರು. ಸಂಪಾದನೆಗೆಂದೇ ಕಡಲು ದಾಟಿ ಬಂದಿರುವ ನಾವು ಸಂಘದ ಸಂಸ್ಥಾಪನಾ ದಿನದ ಈ ಸಂದರ್ಭದಲ್ಲಿ ಅವರ ಬಾಳನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ದಾಸರ ಕಾಲ 1484ರಿಂದ 1564 ಎಂಬುದು ಸಂಪ್ರದಾಯದ ನಂಬಿಕೆ. ಅವರ ಹುಟ್ಟೂರು ಪುಣೆಯ ಬಳಿಯ ಪುರಂದರಗಡವೆಂದು ಒಂದು ಪಕ್ಷ. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆಯೆಂದು ಇನ್ನೊಂದು ಪಕ್ಷ. ಮೊದಲಿನ ಹೆಸರು ಶ್ರೀನಿವಾಸ ನಾಯಕ. ಒಡವೆಗಳ ವ್ಯಾಪಾರ ಮತ್ತು ಲೇವಾದೇವಿಯಿಂದ ಬೆಳೆದ ಅವರನ್ನು ಜನ ನವಕೋಟಿ ನಾರಾಯಣನೆಂದು ಕರೆದರು. ಸಂಪತ್ತಿನಷ್ಟೇ ಜಿಪುಣತನಕ್ಕೂ ಅವರು ಹೆಸರಾಗಿದ್ದರಂತೆ.

ಅವರ ಬದುಕನ್ನು ತಿರುಗಿಸಿದ ಮೂಗುತಿಯ ಕಥೆ ನಮಗೆಲ್ಲ ಪರಿಚಿತ. ಮಗನ ಮುಂಜಿಗೆಂದು ಬೇಡಲು ಬಂದ ಬಡ ಬ್ರಾಹ್ಮಣನನ್ನು ನಾಯಕರು ಮತ್ತೆ ಮತ್ತೆ ಅಲೆದಾಡಿಸಿದರು. ಮಡದಿ ಸರಸ್ವತಿಬಾಯಿ ಕನಿಕರದಿಂದ ತನ್ನ ಮೂಗುತಿಯನ್ನೇ ಕೊಟ್ಟಳು. ಬ್ರಾಹ್ಮಣ ಅದನ್ನು ತಂದದ್ದು ನಾಯಕರ ಅಂಗಡಿಗೇ! ಗುರುತು ಹಿಡಿದ ನಾಯಕರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು ಮೂಗುತಿ ಎಲ್ಲಿ ಎಂದು ಕೇಳಿದರು. ದಿಕ್ಕು ತೋಚದ ಆಕೆ ವಿಷ ಕುಡಿಯಹೊರಟಾಗ ಆ ಬಟ್ಟಲಲ್ಲೇ ಮೂಗುತಿ ಕಂಡಿತು. ಅಂಗಡಿಯ ಪೆಟ್ಟಿಗೆ ಬರಿದಾಗಿತ್ತು. ಬಂದವನು ಸಾಕ್ಷಾತ್ ಶ್ರೀಹರಿಯೇ ಎಂದು ಅರಿತ ನಾಯಕರು ಸರ್ವಸ್ವವನ್ನೂ ದಾನ ಮಾಡಿ, ಹೆಂಡತಿ ಮಕ್ಕಳೊಡನೆ ಮನೆಬಿಟ್ಟು ಹೊರಟರು.

ಸಾಮಾನ್ಯವಾಗಿ ನಾವು ಈ ಕಥೆಯನ್ನು ಇಲ್ಲಿಗೇ ಮುಗಿಸುತ್ತೇವೆ. ಆದರೆ ದಾಸರ ಬಾಳಿನ ನಿಜವಾದ ಸಾಧನೆ ಆರಂಭವಾದದ್ದು ಇಲ್ಲಿಂದಲೇ. ದೇವರಿಗೆ ಮನಸ್ಸನ್ನು ಒಪ್ಪಿಸಿದ ಮೇಲೆ ಅವರು ಒಂಟಿಯಾಗಿ ಕಾಡು ಸೇರಲಿಲ್ಲ. ಗುರುವನ್ನೂ ಒಡನಾಡಿಗಳನ್ನೂ ಅರಸಿಕೊಂಡು ವಿಜಯನಗರಕ್ಕೆ ಬಂದರು. ಅಲ್ಲಿ ಶ್ರೀ ವ್ಯಾಸರಾಯರು ಅವರಿಗೆ ದಾಸದೀಕ್ಷೆಯಿತ್ತು, ಪುರಂದರ ವಿಠಲ ಎಂಬ ಅಂಕಿತವನ್ನು ದಯಪಾಲಿಸಿದರು. ಅಂಕಿತವೆಂದರೆ ಹಾಡಿನ ಕೊನೆಯಲ್ಲಿ ಬರುವ ಮುದ್ರಿಕೆ. ಅದು ಹಾಡಿದವನ ಸ್ವಂತ ಹೆಸರಲ್ಲ. ದೇವರ ಹೆಸರು, ಅದೂ ಗುರು ಕೊಟ್ಟದ್ದು. ಹೀಗೆ ಅವರ ಒಂದೊಂದು ಕೀರ್ತನೆಯೂ ಭಗವಂತನಿಗೆ ಸಲ್ಲುವುದರ ಜೊತೆಗೆ ತನ್ನ ಪರಂಪರೆಯನ್ನೂ ಸಾರುತ್ತದೆ.

ಆ ಬಳಗದಲ್ಲಿ ಬಾಳುವುದು ಸುಲಭವಾಗಿರಲಿಲ್ಲ. ನಾಳೆಗೆಂದು ಕೂಡಿಡದೆ, ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಮನೆಮನೆಯ ಮುಂದೆ ಹಾಡಿ, ದೊರೆತ ಭಿಕ್ಷೆಯಲ್ಲಿ ಸಂಸಾರ ನಡೆಯಬೇಕಿತ್ತು. ಬೇಡಿ ಬಂದವರನ್ನು ಅಟ್ಟಿದ ಕೈಯೇ ಈಗ ಬೇಡುವ ಕೈಯಾಯಿತು. ಸಂಸ್ಕೃತ ಶಾಸ್ತ್ರ ಬಲ್ಲ ವಿದ್ವಾಂಸರದು ವ್ಯಾಸಕೂಟ. ಕನ್ನಡದಲ್ಲಿ ಹಾಡಿದವರದು ದಾಸಕೂಟ. ಎರಡಕ್ಕೂ ಆಶ್ರಯವಾಗಿದ್ದ ವ್ಯಾಸರಾಯರು, ಇತರ ಶಿಷ್ಯರು ಗೊಣಗಿದರೂ, ಕನಕದಾಸರನ್ನು ಆದರಿಸಿದರೆಂದು ಪ್ರತೀತಿ. ಕೋಟ್ಯಧೀಶರಾಗಿದ್ದ ಪುರಂದರರೂ ಕುರುಬ ಕುಲದ ಕನಕರೂ ಒಬ್ಬರೇ ಗುರುವಿನ ಶಿಷ್ಯರಾದರು. ಪುರಂದರರನ್ನು ಹೊಗಳಿ ಗುರುಗಳೇ ಒಂದು ಪದ ರಚಿಸಿದ್ದು ಶಿಷ್ಯನಿಗೆ ಸಂದ ಅಪೂರ್ವ ಗೌರವ.

ದಾಸರು ತಮಗೆ ದೊರೆತುದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಮೊದಲ ಪಾಠ, ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆಗಳು ಎಂಬ ಕ್ರಮವನ್ನು ಹಾಕಿಕೊಟ್ಟವರು ಅವರೇ ಎಂದು ಸಂಗೀತಲೋಕ ಅವರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ವಂದಿಸುತ್ತದೆ. ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ಅವರನ್ನು ಸ್ಮರಿಸಿದ್ದಾರೆ. ದಾಸರು ಪುಷ್ಯ ಬಹುಳ ಅಮಾವಾಸ್ಯೆಯಂದು ಹರಿಪಾದ ಸೇರಿದರು. ಮರುವರ್ಷವೇ, 1565ರಲ್ಲಿ, ರಕ್ಕಸತಂಗಡಿಯ ಯುದ್ಧದ ಬಳಿಕ ವಿಜಯನಗರ ಹಾಳಾಯಿತು. ರತ್ನದ ಅಂಗಡಿಗಳು ಅಳಿದವು. ಭಿಕ್ಷೆ ಬೇಡಿ ಹಾಡಿದ ಪದಗಳು ಉಳಿದವು. ಹಂಪಿಯಲ್ಲಿ ತುಂಗಭದ್ರೆಯ ದಡದ ಪುರಂದರ ಮಂಟಪ ಇಂದಿಗೂ ಅವರ ನೆನಪನ್ನು ಹೊತ್ತು ನಿಂತಿದೆ.

ಮರುಭೂಮಿಯ ಈ ನಾಡಿನಲ್ಲಿ ನಮ್ಮ ಭಕ್ತಿ ಬಾಡಿಗೆ ಮನೆಯ ಗೂಡೊಂದರಲ್ಲಿ ದೀಪ ಹಚ್ಚುವಷ್ಟಕ್ಕೆ ನಿಂತುಬಿಡುವ ಅಪಾಯವಿದೆ. ನಂಬಿಕೆ ನಮ್ಮ ಸ್ವಂತದ್ದು, ಹತ್ತು ಜನ ಸೇರುವುದೇಕೆ ಎಂದು ನಮಗೂ ಅನಿಸುವುದುಂಟು. ದೇವರಿಗೆ ಒಲಿಯುವ ನಿರ್ಧಾರ ಒಬ್ಬೊಬ್ಬರೂ ತಾವೇ ಮಾಡಬೇಕಾದದ್ದು, ನಿಜ. ಆದರೆ ಅದನ್ನು ದಿನದಿನವೂ ಕಾಪಾಡಿ, ಮಕ್ಕಳ ಕೈಗೆ ದಾಟಿಸುವುದಕ್ಕೆ ಒಂದು ಕೂಟ ಬೇಕು. ಮಸೀದಿಯ ಸಾಲಿನಲ್ಲಿ ನಿಲ್ಲುವ, ಮೆಸೈಮೀರ್‌ನ ಇಗರ್ಜಿಗೆ ಹೋಗುವ ನಮ್ಮ ಕನ್ನಡ ಬಂಧುಗಳೂ ಇದನ್ನು ಬಲ್ಲರು. ಶುಕ್ರವಾರದ ರಜೆಯಲ್ಲಿ ಯಾರದೋ ಮನೆಯಲ್ಲಿ ಸೇರಿ ದಾಸರ ಪದವೊಂದನ್ನು ಹಾಡಿದಾಗ, ಅದರ ಕೊನೆಯ ಅಂಕಿತದೊಡನೆ ಆ ದೊಡ್ಡ ಕೂಟದಲ್ಲಿ ನಮಗೂ ಒಂದು ಮೂಲೆ ದೊರೆಯುತ್ತದೆ. ಆ ಭಾಗ್ಯ ನಮ್ಮ ಮಕ್ಕಳಿಗೂ ಉಳಿಯಲೆಂದು ಹಾರೈಸುತ್ತೇವೆ.