ಊರನ್ನೇ ಓದಿದ ಗಿಲ್ಬರ್ಟ್ ವೈಟ್

ಪುಣೆಗೆ ಬಂದು 11 ವರ್ಷವಾಯಿತು. ಫೋನಿನಲ್ಲಿ ಅಪ್ಪ ಊರಿನ ಮಳೆಯ ಲೆಕ್ಕ ಹೇಳುವಾಗ ಲ್ಯಾಪ್‌ಟಾಪ್ ನೋಡುತ್ತಲೇ ಹೂಂಗುಟ್ಟುತ್ತಿದ್ದೆ. ಗಿಲ್ಬರ್ಟ್ ವೈಟ್‌ನ ಬದುಕು ಓದಿದ ಮೇಲೆ ಹಾಗೆ ಮಾಡಲು ನಾಚಿಕೆಯಾಗುತ್ತಿದೆ.

ವೈಟ್ ಹುಟ್ಟಿದ್ದು 1720ರಲ್ಲಿ, ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಸೆಲ್ಬೋರ್ನ್ ಹಳ್ಳಿಯಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಓದಿದವನು. ಆದರೂ ಊರಿನ ಸೆಳೆತ ಬಿಡದೆ ಮರಳಿ ಬಂದು, ಅಲ್ಲಿನ ಚರ್ಚ್‌ನಲ್ಲಿ ಸಹಾಯಕ ಪಾದ್ರಿಯಾಗಿಯೇ ಉಳಿದ. ಮದುವೆಯಾಗಲಿಲ್ಲ. ಹಿತ್ತಲಲ್ಲಿ ಸೌತೆ, ಕರಬೂಜ ಬೆಳೆದ, ಮಳೆ ಅಳೆದ, ಸೋದರತ್ತೆಯಿಂದ ಬಂದ ತಿಮೋತಿ ಎಂಬ ಆಮೆ ಏಳುವುದು, ಮಲಗುವುದು ಎಲ್ಲವನ್ನೂ ಬರೆದಿಟ್ಟ. ನೋಡಲು ಒಂದೇ ತೆರನಾದ ಮೂರು ಪುಟ್ಟ ಹಕ್ಕಿಗಳನ್ನು ಹಾಡಿನ ವ್ಯತ್ಯಾಸದಿಂದಲೇ ಬೇರೆಬೇರೆ ಎಂದು ಗುರುತಿಸಿದ. ಎರೆಹುಳುವಿಲ್ಲದೆ ಮಣ್ಣು ಬರಡೆಂಬುದನ್ನು ಡಾರ್ವಿನ್‌ಗಿಂತ ಬಹಳ ಮೊದಲೇ ಕಂಡ.

ಸ್ನೇಹಿತರಿಗೆ ಬರೆದ ಪತ್ರಗಳೇ 1789ರಲ್ಲಿ ಸೆಲ್ಬೋರ್ನ್ ಕುರಿತ ಪುಸ್ತಕವಾದವು. ಅದು ಇಂದಿಗೂ ಮುದ್ರಣವಾಗುತ್ತಿದೆ. 1793ರಲ್ಲಿ ಅದೇ ಊರಲ್ಲಿ ತೀರಿಕೊಂಡ. ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಎರಡು ಮೊದಲಕ್ಷರ, ಒಂದು ದಿನಾಂಕ, ಅಷ್ಟೇ.

ಮೊನ್ನೆ ನಾನೇ ಅಪ್ಪನಿಗೆ ಫೋನ್ ಮಾಡಿ, ಹಿತ್ತಲಿಗೆ ಯಾವ ಹಕ್ಕಿ ಬರುತ್ತಿವೆ ಎಂದು ಕೇಳಿದೆ. ಆರು ಹೆಸರು ಹೇಳಿದರು. ಅವುಗಳಲ್ಲಿ ನನಗೆ ಗೊತ್ತಿದ್ದದ್ದು ಎರಡೇ.