ಫೆಬ್ರವರಿ 13 : ಮಾತು ತಪ್ಪದ ಶ್ವಾರ್ಟ್ಸ್ ಅಯ್ಯನವರು



ಗೋಡೆಯ ಮೇಲಿನ ಪಂಚಾಂಗದಲ್ಲಿ ಎಲ್ಲಾ ತಾರೀಖುಗಳೂ ಒಂದೇ ಅಳತೆಯ ಮನೆಗಳಲ್ಲಿ ಕೂತಿರುತ್ತವೆ. ಸಂತೆಯ ದಿನ, ಸಾಲದ ಕಂತು ಕಟ್ಟುವ ದಿನ, ಸಭೆಯಲ್ಲಿ ಸುಗ್ಗಿಯ ಕಾಣಿಕೆ ಅರ್ಪಿಸುವ ದಿನ ಎಂದು ಕೆಲವು ಮನೆಗಳಿಗೆ ನಾವು ಗುರುತು ಹಾಕಿಕೊಳ್ಳುತ್ತೇವೆ. ಉಳಿದ ದಿನಗಳು ನಮ್ಮ ಕಣ್ಣಿಗೆ ಬೀಳದೆ ಜಾರಿಹೋಗುತ್ತವೆ. ಆದರೂ ಯಾವ ತಾರೀಖೂ ಬರಿದಾದದ್ದಲ್ಲ. ಈ ತಿಂಗಳ 13ನೆಯ ದಿನವನ್ನೇ ನೋಡಿರಿ. 1879ರಲ್ಲಿ ಆ ದಿನ ಸರೋಜಿನಿ ನಾಯಿಡು ಅವರು ಹೈದರಾಬಾದಿನಲ್ಲಿ ಹುಟ್ಟಿದರು; ಅದರ ನಿಮಿತ್ತವಾಗಿ ನಮ್ಮ ದೇಶದಲ್ಲಿ ಅದು ರಾಷ್ಟ್ರೀಯ ಮಹಿಳಾ ದಿನವಾಯಿತು. 1931ರಲ್ಲಿ ಅದೇ ದಿನ ಹೊಸ ದಿಲ್ಲಿಯ ಪ್ರಾರಂಭೋತ್ಸವ ನಡೆಯಿತು. 1946ರಲ್ಲಿ ಸಂಯುಕ್ತ ರಾಷ್ಟ್ರಗಳ ರೇಡಿಯೋ ತನ್ನ ಕೆಲಸವನ್ನು ಆರಂಭಿಸಿದ್ದೂ ಆ ದಿನವೇ; ಅದುಕಾರಣ ಜಗತ್ತಿನವರು ಅದನ್ನು ರೇಡಿಯೋ ದಿನವೆಂದು ಆಚರಿಸುತ್ತಾರೆ.

ಇವೆಲ್ಲಕ್ಕಿಂತ ಮುಂಚೆ, 1798ನೆಯ ವರುಷದ ಅದೇ ಫೆಬ್ರವರಿ 13ರಂದು, ತಂಜಾವೂರಿನಲ್ಲಿ ಒಬ್ಬ ಮುದುಕರು ತಮ್ಮ ಕರ್ತನ ಸನ್ನಿಧಿಗೆ ಸೇರಿದರು. ಅವರೇ ಕ್ರಿಶ್ಚಿಯನ್ ಫ್ರೆಡರಿಕ್ ಶ್ವಾರ್ಟ್ಸ್ ಅಯ್ಯನವರು. ತಮಿಳು ಸೀಮೆಯಲ್ಲಿ ದುಡಿದವರ ಕಥೆಯನ್ನು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸಭೆಯವರು ಯಾಕೆ ಓದಬೇಕೆಂದು ನೀವು ಕೇಳಬಹುದು. ಅವರು ತಮ್ಮ ಬಾಳಿನ ಅತ್ಯಂತ ಕಠಿಣವಾದ ಪ್ರಯಾಣವನ್ನು ಮಾಡಿದ್ದು ನಮ್ಮ ಬೆಟ್ಟಗಳ ಮಗ್ಗುಲಲ್ಲೇ. ಆ ಪ್ರಯಾಣದಲ್ಲಿ ಅವರು ಹೊತ್ತು ತಂದದ್ದು ಒಂದೇ ಸರಕು. ಅದು ಅವರ ಮಾತು.

ಇವರು 1726ರ ಅಕ್ಟೋಬರಿನಲ್ಲಿ ಪ್ರಷ್ಯ ದೇಶದ ಸೋನೆನ್‌ಬುರ್ಗ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದರು. ಮಗುವಾಗಿದ್ದಾಗಲೇ ತಾಯಿ ತೀರಿಹೋದಳು. ಆಕೆ ಮರಣಶಯ್ಯೆಯಲ್ಲಿ ತನ್ನ ಗಂಡನನ್ನೂ ಊರಿನ ಬೋಧಕರನ್ನೂ ಕರೆಯಿಸಿ, ಈ ಕೂಸನ್ನು ತಾನು ದೇವರ ಸೇವೆಗೆ ಒಪ್ಪಿಸಿರುವುದಾಗಿಯೂ, ಮುಂದೆ ಅವನಿಗೆ ಆ ಮನಸ್ಸು ಬಂದರೆ ಅಡ್ಡಿಮಾಡಬಾರದೆಂದೂ ಅವರಿಂದ ಮಾತು ತೆಗೆದುಕೊಂಡಳು. ಹುಡುಗನು ಬೆಳೆದು ಹಾಲೆ ಎಂಬ ಊರಿನ ವಿದ್ಯಾಲಯಕ್ಕೆ ಸೇರಿದನು. ಇಂಡಿಯಾದಲ್ಲಿ ದುಡಿದು ಹಿಂತಿರುಗಿದ್ದ ಶುಲ್ಟ್ಸೆ ಎಂಬ ಮಿಶನರಿಯವರು ಆಗ ಅಲ್ಲಿ ತಮಿಳು ಸತ್ಯವೇದದ ಅಚ್ಚಿನ ಕೆಲಸವನ್ನು ನೋಡುತ್ತಿದ್ದರು. ಅವರಿಗೆ ನೆರವಾಗಲೆಂದು ಈ ಯೌವನಸ್ಥನು ತಮಿಳು ಕಲಿತನು. ಅಚ್ಚಿಗಾಗಿ ಕಲಿತ ಭಾಷೆಯೇ ಅವನನ್ನು ಸಮುದ್ರ ದಾಟಿಸಿತು. 1749ರಲ್ಲಿ ಕೋಪನ್‌ಹೇಗನ್ ಪಟ್ಟಣದಲ್ಲಿ ಬೋಧಕನಾಗಿ ಅಭಿಷೇಕ ಹೊಂದಿ, 1750ರ ಜುಲೈಯಲ್ಲಿ ತರಂಗಂಬಾಡಿಯನ್ನು ತಲಪಿದನು. ನಾಲ್ಕು ತಿಂಗಳೊಳಗಾಗಿ ಅಲ್ಲಿನ ದೇವಾಲಯದಲ್ಲಿ ತಮಿಳಿನಲ್ಲಿ ಪ್ರಸಂಗ ಮಾಡಿದನು. ಅಂದಿನಿಂದ ಮರಣದ ವರೆಗೆ, ಸುಮಾರು 48 ವರುಷ, ಸ್ವದೇಶಕ್ಕೆ ಒಂದು ಸಾರಿಯೂ ಹಿಂದಿರುಗಲಿಲ್ಲ, ಮದುವೆಯನ್ನೂ ಮಾಡಿಕೊಳ್ಳಲಿಲ್ಲ.

ತರಂಗಂಬಾಡಿಯಿಂದ ತಿರುಚಿನಾಪಳ್ಳಿಗೂ, ಅಲ್ಲಿಂದ 1778ರಲ್ಲಿ ತಂಜಾವೂರಿಗೂ ಅವರ ವಾಸ ಬದಲಾಯಿತು. ತಿರುಚಿನಾಪಳ್ಳಿಯಲ್ಲಿ ಅವರಿದ್ದ ಕೋಣೆಯು ಒಂದು ಮಂಚ ಹಿಡಿಸುವಷ್ಟೇ ಇದ್ದಿತು. ಊಟಕ್ಕೆ ಅನ್ನ, ಈ ದೇಶದ ರೀತಿಯಲ್ಲಿ ಬೇಯಿಸಿದ ಕಾಯಿಪಲ್ಯ. ತೊಡುವದಕ್ಕೆ ಕಪ್ಪು ಬಣ್ಣ ಹಾಕಿಸಿದ ಸಾಧಾರಣ ಹತ್ತಿಬಟ್ಟೆ. ಕೋಟೆಯ ಸಿಪಾಯಿಗಳಿಗೆ ಬೋಧಿಸಿದ್ದಕ್ಕಾಗಿ ಕಂಪೆನಿಯ ಸರಕಾರದಿಂದ ಸಂಬಳ ಬರತೊಡಗಿದಾಗಲೂ ಅವರ ಊಟ ಉಡುಪು ಹಾಗೆಯೇ ಉಳಿದವು. ಹಣವು ಬಡವರಿಗೂ ಶಾಲೆಗಳಿಗೂ ಸಲ್ಲುತ್ತಿತ್ತು. ತಮಿಳಲ್ಲದೆ ಪಾರಸಿ, ಹಿಂದುಸ್ಥಾನಿ, ಮರಾಠಿಗಳನ್ನೂ ಕಲಿತುಕೊಂಡರು. ರಾಜನ ಅರಮನೆಯಲ್ಲಿ ಮಾತಾಡುವದಕ್ಕೂ ಬೀದಿಯಲ್ಲಿ ಮಾತಾಡುವದಕ್ಕೂ ಅವರಿಗೆ ದುಭಾಷಿ ಬೇಕಿರಲಿಲ್ಲ.

ಹೀಗಿರುವಲ್ಲಿ 1779ನೆಯ ವರುಷ ಬಂದಿತು. ಮದರಾಸಿನ ಇಂಗ್ಲಿಷರಿಗೂ ಮೈಸೂರಿನ ನವಾಬ ಹೈದರ್ ಅಲಿಗೂ ನಡುವೆ ಹೊಗೆಯಾಡುತ್ತಿತ್ತು. ಹೈದರನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಲು ಗವರ್ನರ್ ರಂಬೋಲ್ಡ್ ದೊರೆಯು ಒಬ್ಬ ದೂತನನ್ನು ಹುಡುಕಿದನು. ಹೈದರನಾದರೋ ಕಂಪೆನಿಯ ಬೇರೆ ಯಾರನ್ನೂ ತಾನು ನಂಬಲಾರೆನೆಂದೂ, ಆ ಕ್ರೈಸ್ತನನ್ನು ಕಳುಹಿಸಿದರೆ ಅವನು ತನಗೆ ಮೋಸಮಾಡನೆಂದೂ ಹೇಳಿದನೆಂಬ ವೃತ್ತಾಂತವುಂಟು. ಶ್ವಾರ್ಟ್ಸ್ ಅಯ್ಯನವರು ಬಹಳ ಪ್ರಾರ್ಥಿಸಿ ಒಪ್ಪಿಕೊಂಡರು. ರಕ್ತಪಾತ ತಪ್ಪೀತು; ಸುವಾರ್ತೆ ಕೇಳದ ಸೀಮೆಯಲ್ಲಿ ಅದನ್ನು ಸಾರಲು ಸಂದರ್ಭ ಸಿಕ್ಕೀತು; ತಮಗೆ ಉಪಕಾರ ಮಾಡಿದ ಸರಕಾರಕ್ಕೆ ಕೃತಜ್ಞತೆ ತೋರಿಸಿದಂತಾದೀತು ಎಂಬ ಮೂರು ಕಾರಣಗಳನ್ನು ಅವರು ತಮ್ಮೊಳಗೆ ತೂಗಿ ನೋಡಿಕೊಂಡರು. ಜೊತೆಯಲ್ಲೇ ಒಂದು ನಿಶ್ಚಯವನ್ನೂ ಮಾಡಿಕೊಂಡರು: ಯಾರಿಂದಲೂ ಉಡುಗೊರೆ ತೆಗೆದುಕೊಂಡು ಕೈ ಕೆಡಿಸಿಕೊಳ್ಳಬಾರದು.

ಹನೂರಿನವರು ಗರಿಕೆಕಂಡಿಯ ಮಾರ್ಗವಾಗಿ ಬರ್ಗೂರು, ಅಂದಿಯೂರುಗಳಿಗೆ ಇಳಿಯುವದನ್ನೂ, ಯಳಂದೂರಿನವರು ಹಾಸನೂರು ದಾಟಿ ದಿಂಬದ ಘಾಟಿಯಿಂದ ಸತ್ಯಮಂಗಲಕ್ಕೆ ಇಳಿಯುವದನ್ನೂ ಬಲ್ಲೆವು. ಅದಕ್ಕೆ ಪಡುವಲಲ್ಲಿ, ಮೋಯಾರು ಹೊಳೆ ಭವಾನಿಯನ್ನು ಸೇರುವ ಕಡೆಯಿಂದ ಮೇಲೇರುವ ಹಳೆಯ ದಾರಿಗೆ ಗಜಲಹಟ್ಟಿ ಕಣಿವೆಯೆಂದು ಹೆಸರು. ದಂಡು ಹೋಗುತ್ತಿದ್ದುದೂ ಎತ್ತಿನ ಹೇರು ಹೋಗುತ್ತಿದ್ದುದೂ ಆಗ ಆ ದಾರಿಯಲ್ಲಿ. ಆ ಕಾಲದಲ್ಲಿ ಬೆಟ್ಟದ ಮೇಲಣ ನಮ್ಮ ಸೀಮೆಯೂ ಕೆಳಗಣ ಕರೂರು, ಸತ್ಯಮಂಗಲಗಳೂ ಹೈದರನ ಕೈಯಲ್ಲೇ ಇದ್ದವು. ಕೊಳ್ಳೇಗಾಲವು ಕಂಪೆನಿಗೆ ಹೋಗಿ ಕೊಯಮುತ್ತೂರು ಜಿಲ್ಲೆಗೆ ಸೇರಿದ್ದು 1799ರ ಬಳಿಕ, ಮರಳಿ ಮೈಸೂರಿಗೆ ಬಂದದ್ದು 1956ರಲ್ಲಿ. ಜುಲೈಯಲ್ಲಿ ಹೊರಟ ಅಯ್ಯನವರು ಗಡಿಯ ಕರೂರಿನಲ್ಲಿ ಅಪ್ಪಣೆಗಾಗಿ ಸುಮಾರು ಒಂದು ತಿಂಗಳು ಕಾದಿದ್ದು, ಗಜಲಹಟ್ಟಿಯನ್ನು ಹತ್ತಿ, ಆಗಸ್ಟಿನ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣವನ್ನು ಸೇರಿದರು.

ದಾರಿಯಲ್ಲಿ ಅವರು ಕಂಡ ಒಂದು ಸಂಗತಿಯನ್ನು ಮರೆಯದೆ ಬರೆದಿಟ್ಟರು. ಮೈಸೂರು ಸೀಮೆಯಲ್ಲಿ ಮಳೆ ಬಂದು ಸೇತುವೆಗೋ ರಸ್ತೆಗೋ ಕೆಡುಕಾದರೆ ಅಧಿಕಾರಿಗಳು ಕೂಡಲೇ ಆಳುಗಳನ್ನು ಕಳುಹಿಸಿ ದುರಸ್ತಿ ಮಾಡಿಸುತ್ತಿದ್ದರು. ಹೀಗೆ ಮಾಡುವದರಿಂದ ಖರ್ಚೂ ಕಡಿಮೆಯಾಗುತ್ತಿತ್ತು. ಕರ್ನಾಟಿಕ್ ಸೀಮೆಯಲ್ಲಿ ಯುರೋಪಿನವರು ಎಲ್ಲವನ್ನೂ ಹಾಳುಬೀಳಲು ಬಿಟ್ಟಿರುವದನ್ನು ನೆನೆದು ಅವರು ನೊಂದರು. ತನ್ನವರ ತಪ್ಪನ್ನು ತಪ್ಪೆಂದೂ, ಎದುರಾಳಿಯ ಗುಣವನ್ನು ಗುಣವೆಂದೂ ಕಾಣುವ ಕಣ್ಣು ಎಲ್ಲರಿಗೂ ಇರುವದಿಲ್ಲ. ಆದಾಗ್ಯೂ ಹೈದರನ ಕ್ರೂರತೆಯನ್ನು ಅವರು ಮುಚ್ಚಿಡಲಿಲ್ಲ. ದಿನವೂ ಯಾರಾದರೂ ಚಾವಟಿಯ ಪೆಟ್ಟು ತಿನ್ನುವದನ್ನೂ, ದೊಡ್ಡ ಅಧಿಕಾರಿಗಳೂ ಆ ಭಯದಲ್ಲೇ ಬದುಕುವದನ್ನೂ ನೋಡಿದರು. ಹೈದರನಿಗೆ ಓದುಬರಹ ತಿಳಿಯದು. ಕಾಗದವನ್ನು ಓದಿಸಿ, ಉತ್ತರವನ್ನು ಬಾಯಿಂದ ಹೇಳಿ ಬರೆಯಿಸಿ, ಅದನ್ನು ಇನ್ನೊಬ್ಬನಿಂದ ಓದಿಸಿ ಕೇಳುವನು. ಹೇಳಿದ್ದಕ್ಕೂ ಬರೆದದ್ದಕ್ಕೂ ಭೇದವಿದ್ದರೆ ಬರೆದವನ ತಲೆ ಉಳಿಯದು. ಬರೆದ ಮಾತನ್ನು ಇಷ್ಟು ಶಂಕಿಸುತ್ತಿದ್ದ ಆ ದೊರೆಯು ಈ ಪರದೇಶಿ ಬೋಧಕನನ್ನು ರತ್ನಗಂಬಳಿಯ ಮೇಲೆ ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಮಾತಾಡಿದನು.

ಅಯ್ಯನವರು ಅಲ್ಲಿ ಸುಮ್ಮನೆ ಕೂರಲಿಲ್ಲ. ಹೈದರನ ದಂಡಿನಲ್ಲಿ ಜರ್ಮನರೂ ಫ್ರೆಂಚರೂ ತಮಿಳು ಕ್ರೈಸ್ತರೂ ಇದ್ದರು. ಅವರನ್ನು ಕೂಡಿಸಿ ಆರಾಧನೆ ನಡಿಸಿದರು. ಅರಮನೆಯವರು ಕೇಳಿದಾಗ ತಮ್ಮ ನಂಬಿಕೆಯನ್ನು ವಿವರಿಸಿದರು. ಅದಕ್ಕೆ ಯಾರೂ ಅಡ್ಡಿಮಾಡಲಿಲ್ಲ.

ಆದರೆ ರಾಜಕಾರ್ಯವು ಕೈಗೂಡಲಿಲ್ಲ. ಆ ವರುಷದ ಮಾರ್ಚಿಯಲ್ಲೇ ಕಂಪೆನಿಯ ಸೈನ್ಯವು ಮಾಹೆಯ ಕೋಟೆಯನ್ನು ಹಿಡಿದಿತ್ತು. ಅದು ತನ್ನ ರಕ್ಷಣೆಯಲ್ಲಿರುವ ಸ್ಥಳವೆಂದು ಹೈದರನು ಹೇಳಿದ್ದವನು. ಒಂದು ಕೈಯಿಂದ ಸಮಾಧಾನದ ಕಾಗದವನ್ನು ಕಳುಹಿಸಿ ಇನ್ನೊಂದು ಕೈಯಿಂದ ನೆರೆಯವನ ಬೇಲಿ ಕೀಳುವವರನ್ನು ಯಾರು ನಂಬುವರು? ಇಂಗ್ಲಿಷರು ಕೊಟ್ಟ ಮಾತುಗಳನ್ನು ಮುರಿದ ಬಗೆಯನ್ನು ಹೈದರನು ಎಣಿಸಿ ಹೇಳಿದನು. ಆ ದೂರುಗಳಲ್ಲಿ ನಿಜವಿತ್ತು. ತಮ್ಮನ್ನು ಕಳುಹಿಸಿದವರ ಮನಸ್ಸು ತಮ್ಮ ಮನಸ್ಸಿನಷ್ಟು ನೇರವಲ್ಲವೆಂಬ ವ್ಯಥೆಯನ್ನು ಹೊತ್ತು ಅಯ್ಯನವರು ಹಿಂತಿರುಗಬೇಕಾಯಿತು. ಹೊರಡುವಾಗ ಹೈದರನು ದಾರಿಯ ಖರ್ಚಿಗೆಂದು 300 ರೂಪಾಯಿ ಕೊಡಿಸಿದನು. ನಿರಾಕರಿಸಿದರೆ ಅವಮಾನವಾದೀತು, ಇಟ್ಟುಕೊಂಡರೆ ನಿಶ್ಚಯ ಕೆಟ್ಟೀತು. ಅದನ್ನು ಮದರಾಸಿನ ಸರಕಾರಕ್ಕೆ ಒಪ್ಪಿಸಲು ಹೋದರು. ಅವರೇ ಇಟ್ಟುಕೊಳ್ಳಬೇಕೆಂದು ಸರಕಾರದವರು ಹೇಳಲಾಗಿ, ತಂಜಾವೂರಿನ ಬಡಮಕ್ಕಳ ಶಾಲೆಗೆ ಅದನ್ನು ಮೂಲಧನ ಮಾಡಿದರು.

1780ರ ಜುಲೈಯಲ್ಲಿ ಹೈದರನ ದೊಡ್ಡ ದಂಡು ಘಾಟಿ ಇಳಿದು ಕರ್ನಾಟಿಕ್ ಸೀಮೆಯನ್ನು ಸುಟ್ಟುಹಾಕಿತು. ಹಾಗಾದರೆ ಆ ಪ್ರಯಾಣವು ವ್ಯರ್ಥವೋ? ರಾಜಕೀಯದ ಲೆಕ್ಕದಲ್ಲಿ ವ್ಯರ್ಥವೇ. ಆದರೆ ಯುದ್ಧದ ನಡುವೆ ಹೈದರನು ತನ್ನ ಸರದಾರರಿಗೆ ಒಂದು ಆಜ್ಞೆ ಮಾಡಿದನು: ಆ ಹಿರಿಯ ಪಾದ್ರಿಯು ಪರಿಶುದ್ಧನು, ತನ್ನ ರಾಜ್ಯಕ್ಕೆ ಕೇಡು ಬಗೆಯದವನು, ಅವನು ಎಲ್ಲಿಗೆ ಹೋದರೂ ತಡೆಯಬಾರದು. ಎರಡು ಸೈನ್ಯಗಳ ನಡುವೆ ಆಯುಧವಿಲ್ಲದೆ ತಿರುಗಾಡಬಲ್ಲವರು ಅವರೊಬ್ಬರೇ ಆದರು.

ಇನ್ನೊಂದು ಫಲವು ತಂಜಾವೂರಿನಲ್ಲಿ ಕಾಣಬಂದಿತು. ಯುದ್ಧದ ಹಿಂದೆಯೇ ಕ್ಷಾಮ ಬಂದು ಬೀದಿಗಳಲ್ಲಿ ಹೆಣಗಳು ಬಿದ್ದವು. ಕೋಟೆಯೊಳಗೆ ಧಾನ್ಯವಿಲ್ಲ, ಹೊರಗೆ ಹಳ್ಳಿಗಳಲ್ಲಿ ಬತ್ತವಿದ್ದರೂ ತರುವದಕ್ಕೆ ರೈತರು ಒಪ್ಪಲಿಲ್ಲ. ಯಾಕಂದರೆ ಹಿಂದೆ ತಂದವರಿಗೆ ಅಧಿಕಾರಿಗಳು ಕ್ರಯ ಕೊಟ್ಟಿರಲಿಲ್ಲ. ರಾಜನ ಮಾತೂ ಕಂಪೆನಿಯ ಮಾತೂ ಅವರಿಗೆ ಬೇಡವಾಗಿತ್ತು. ಕಡೆಗೆ ಶ್ವಾರ್ಟ್ಸ್ ಅಯ್ಯನವರು, ಪ್ರತಿಯೊಬ್ಬನಿಗೂ ತಾವೇ ಹಣ ಸಲ್ಲಿಸುವದಾಗಿ ಹಳ್ಳಿಗಳಿಗೆ ಬರೆದರು. ಕೆಲವೇ ದಿನಗಳಲ್ಲಿ ಸಾವಿರಕ್ಕೆ ಮಿಕ್ಕ ಎತ್ತುಗಳು ಬಂದವು. 80,000 ಕಲಂ ಧಾನ್ಯವು ಕೋಟೆಯನ್ನು ಸೇರಿತು. ಅವರು ತಡಮಾಡದೆ ಎಲ್ಲರ ಹಣವನ್ನೂ ಸಲ್ಲಿಸಿ, ಸಂತೋಷದಿಂದ ಮನೆಗೆ ಕಳುಹಿಸಿದರು. ರಾಜಮುದ್ರೆಯಿಂದ ಆಗದ್ದು ಒಬ್ಬ ಬಡ ಬೋಧಕನ ಚೀಟಿಯಿಂದ ಆಯಿತು.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಮರುವರುಷ ಟಿಪ್ಪುವಿನ ಸಂಗಡ ಸಮಾಧಾನ ಮಾಡಿಸಲು ಹೋಗಬೇಕೆಂದು ಸರಕಾರವು ಪುನಃ ಕೇಳಿದಾಗ ಅಯ್ಯನವರು ಸತ್ಯಮಂಗಲದ ವರೆಗೆ ಬಂದರು. ಆದರೆ ಟಿಪ್ಪುವಿನ ಅಧಿಕಾರಿಗಳು ಅವರನ್ನು ಮುಂದಕ್ಕೆ ಬಿಡಲಿಲ್ಲ. ಒಮ್ಮೆ ಹತ್ತಿದ್ದ ಬೆಟ್ಟವನ್ನು ಕಣ್ಣೆದುರಿಗೆ ಕಂಡು ಹಿಂತಿರುಗಿದರು.

1787ರಲ್ಲಿ ತಂಜಾವೂರಿನ ರಾಜ ತುಳಜಾಜಿಯು ಸಾಯುವಾಗ, ತಾನು ದತ್ತು ತೆಗೆದುಕೊಂಡ ಹತ್ತು ವರುಷದ ಸರಫೋಜಿಯನ್ನು ಇವರ ವಶಕ್ಕೆ ಒಪ್ಪಿಸಲು ಬಯಸಿದನು. ಒಬ್ಬ ಬೋಧಕನು ರಾಜ್ಯಭಾರ ಹೊರುವದು ಯುಕ್ತವಲ್ಲವೆಂದು ಅಯ್ಯನವರು ಹಿಂಜರಿದರು. ಆದರೂ ಬಾಲಕನನ್ನು ಕೈಬಿಡಲಿಲ್ಲ. ಚಿಕ್ಕಪ್ಪ ಅಮರಸಿಂಹನು ಹುಡುಗನನ್ನು ಕತ್ತಲೆಯಲ್ಲಿ ಕೂಡಿಹಾಕಿ ವಿದ್ಯೆಯಿಲ್ಲದೆ ಬೆಳೆಸುವದನ್ನು ಕಂಡು ಅವನ ಪರವಾಗಿ ನಿಂತರು. 1793ರಲ್ಲಿ ಅವನನ್ನು ಮದರಾಸಿಗೆ ಸಾಗಿಸಿ ಕಾಪಾಡಿದರು. ಆ ಸರಫೋಜಿಯೇ ಮುಂದೆ ಸರಸ್ವತಿ ಮಹಲ್ ಗ್ರಂಥಾಲಯವನ್ನು ದೊಡ್ಡದು ಮಾಡಿ ಹೆಸರಾದ ರಾಜನು. ಅಯ್ಯನವರು ಮರಣಹೊಂದಿದಾಗ ಅವನು ಬಂದು ತಂದೆಯನ್ನು ಕಳಕೊಂಡವನಂತೆ ಅತ್ತನು. ಅವರ ಕೊನೆಯ ಹಾಸಿಗೆಯ ಬಳಿ ತಾನು ಕೈಹಿಡಿದು ನಿಂತಿರುವ ಹಾಗೆ, ಫ್ಲಾಕ್ಸ್‌ಮನ್ ಎಂಬ ಇಂಗ್ಲಿಷ್ ಶಿಲ್ಪಿಯಿಂದ ಅಮೃತಶಿಲೆಯಲ್ಲಿ ಕೆತ್ತಿಸಿ ತಂಜಾವೂರಿನ ದೇವಾಲಯದಲ್ಲಿ ಇರಿಸಿದನು.

ಇಷ್ಟು ದೊಡ್ಡವರಲ್ಲಿಯೂ ಕೊರತೆಯಿದ್ದಿಲ್ಲವೆಂದು ಹೇಳಲಾರೆವು. ದೇವಾಲಯದಲ್ಲಿ ಜಾತಿಜಾತಿಗೆ ಬೇರೆ ಬೇರೆ ಕೂತುಕೊಳ್ಳುವ ಪದ್ಧತಿಯನ್ನು ಅವರು ಮೆಲ್ಲಮೆಲ್ಲಗೆ ಅಳಿಯುವದೆಂದು ಸಹಿಸಿಕೊಂಡರು. ಅದು ತಾನಾಗಿ ಅಳಿಯಲಿಲ್ಲ. ಅವರು ತೀರಿದ 35 ವರುಷಗಳ ಮೇಲೆ, 1833ರಲ್ಲಿ, ಬಿಷಪ್ ವಿಲ್ಸನ್ ಅವರು ಆ ಭೇದವನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿದಾಗ ತಂಜಾವೂರಿನ ಸಭೆಯೇ ಬಹಳವಾಗಿ ಕಲಕಿಹೋಯಿತು. ಸೇತುವೆ ಕೆಟ್ಟ ದಿನವೇ ಕಟ್ಟಬೇಕೆಂಬ ಪಾಠವನ್ನು ಮೈಸೂರಿನ ರಸ್ತೆಯಲ್ಲಿ ಕಂಡು ಮೆಚ್ಚಿದವರು ತಮ್ಮ ದೇವಾಲಯದೊಳಗಿನ ಬಿರುಕಿನ ವಿಷಯದಲ್ಲಿ ತಡಮಾಡಿದರು. ನಮ್ಮ ಸಭೆಗಳಲ್ಲಿಯೂ ಚಾಪೆ ಎಲ್ಲಿ ಹಾಸುತ್ತೇವೆ, ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳುತ್ತೇವೆಂದು ನಾವೇ ವಿಚಾರಿಸಿಕೊಳ್ಳುವದು ಒಳ್ಳೇದು.

ಹೈದರನು ಕ್ರೈಸ್ತನಾಗಲಿಲ್ಲ, ಸರಫೋಜಿಯೂ ಆಗಲಿಲ್ಲ, ಬತ್ತ ತಂದ ರೈತರಲ್ಲಿ ಅನೇಕರು ತಮ್ಮ ತಮ್ಮ ದೇವಸ್ಥಾನಗಳಿಗೇ ಹಿಂತಿರುಗಿದರು. ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಇವರ ಹೆಸರುಗಳಿಲ್ಲ. ಆದರೆ ಕ್ರಿಸ್ತನ ಆಳು ಮಾತು ತಪ್ಪುವದಿಲ್ಲವೆಂಬದನ್ನು ಅವರೆಲ್ಲರೂ ತಮ್ಮ ಅನುಭವದಿಂದ ಬಲ್ಲವರಾದರು. ಬೋಧಕರು ಬಾಯಿಂದ ಸಾರಿದ ಸುವಾರ್ತೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕೇ?

ಆದಕಾರಣ, ಪ್ರಿಯರೇ, ಈ ವರುಷ ಫೆಬ್ರವರಿ 13ರ ಮನೆಗೆ ಒಂದು ಗುರುತು ಹಾಕಿರಿ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವನು ಒಪ್ಪಿಕೊಂಡ ದಿನಕ್ಕೆ ಸೀರೆ ಒಪ್ಪಿಸಲಿ. ನೇಯಿಸಿದವನು ಒಪ್ಪಿಕೊಂಡ ಕೂಲಿಯನ್ನು ಅದೇ ದಿನ ಎಣಿಸಲಿ. ಹನೂರಿನ ಸಂತೆಯಲ್ಲಿ ರಾಗಿ ಅಳೆಯುವವನ ಸೇರು ಅಳೆಯುವಾಗಲೂ ಕೊಳ್ಳುವಾಗಲೂ ಒಂದೇ ಆಗಿರಲಿ. ಯಳಂದೂರಿನ ಗದ್ದೆಬಯಲಲ್ಲಿ ನೀರಿನ ಸರದಿ ಪಕ್ಕದವನದಾದ ಹೊತ್ತಿಗೆ ಮಡೆಯನ್ನು ಅವನ ಕಡೆಗೆ ತಿರುಗಿಸಿರಿ. ಹಿಂದೆ ಕೊಟ್ಟು ಮರೆತ ಒಂದು ಮಾತನ್ನು ಆ ಸಂಜೆಯ ಮನೆಪ್ರಾರ್ಥನೆಗೆ ಮುಂಚೆ ಸಲ್ಲಿಸಿ ಬನ್ನಿರಿ. ಹಾಗೆ ಮಾಡಿದರೆ ತಂಜಾವೂರಿನ ಅಮೃತಶಿಲೆಗಿಂತ ಜೀವವುಳ್ಳ ಜ್ಞಾಪಕಸ್ತಂಭವು ನಮ್ಮ ಹಳ್ಳಿಯಲ್ಲೇ ನಿಲ್ಲುವದು. ಅದಕ್ಕೆ ಬೇಕಾದ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ.